‘ತಕರಾರಿಲ್ಲ’ ಎಂದವನ ಮೇಲ್ಮನವಿ



 ಈ ದತ್ತಿ ಉಪನ್ಯಾಸದ ವಿಷಯವನ್ನು ನೀವೇ ಆರಿಸಿಕೊಳ್ಳಿ ಎಂದು ಸಂಘಟಕರು ಹೇಳಿದಾಗ, ಬಹುಕಾಲದಿಂದ ಮನಸ್ಸನ್ನು ಕೊರೆಯುತ್ತಿದ್ದ ಒಂದು ಪ್ರಶ್ನೆಯನ್ನೇ ಹಿಡಿದುಕೊಂಡೆ. ಕ್ರಿಮಿನಲ್ ಮೊಕದ್ದಮೆಯಲ್ಲಿ ಆರೋಪಿಯೊಬ್ಬ ‘ನನ್ನದೇನೂ ತಕರಾರಿಲ್ಲ’ ಎಂದುಬಿಟ್ಟರೆ, ಮೇಲಿನ ನ್ಯಾಯಾಲಯದ ಮೆಟ್ಟಿಲು ಹತ್ತುವ ಅವನ ಹಕ್ಕು ಏನಾಗುತ್ತದೆ? ಈ ಪ್ರಶ್ನೆಯ ಒಂದೊಂದು ಎಳೆಯನ್ನೂ ಬಿಡಿಸಿ ನೋಡಿರುವುದು ಅಮೆರಿಕದ ನ್ಯಾಯಾಲಯಗಳು. ಹಾಗಾಗಿ ನನ್ನ ಮಾತಿನ ಬಹುಭಾಗ ಅಲ್ಲಿಯದು. ಆದರೆ ಪ್ರಶ್ನೆ ನನ್ನೊಳಗೆ ಹುಟ್ಟಿದ್ದು ನಮ್ಮದೇ ತಾಲ್ಲೂಕು ಕೋರ್ಟಿನಲ್ಲಿ.

ನಾನು ಸನ್ನದು ಪಡೆದು ಎರಡನೇ ವರ್ಷ. ಬದುವಿನ ಜಗಳವೊಂದರಲ್ಲಿ ನೆರೆಹೊಲದವನಿಗೆ ಹೊಡೆದನೆಂಬ ಆರೋಪ ಹೊತ್ತ ಯುವಕನೊಬ್ಬ ನಮ್ಮ ಕಕ್ಷಿದಾರ. ಜೊತೆಯ ಆರೋಪಿಗಳು ಸರಿಯಾಗಿ ಹಾಜರಾಗದೆ, ಮೂರು ವರ್ಷವಾದರೂ ಆರೋಪ ಓದಿ ಹೇಳುವ ಹಂತವೇ ಬಂದಿರಲಿಲ್ಲ. ಪ್ರತಿ ವಾಯಿದೆಗೂ ಬಸ್ಸಿನ ಖರ್ಚು, ಒಂದು ದಿನದ ಕೂಲಿ ನಷ್ಟ. ಕೊನೆಗೊಂದು ದಿನ ಎಲ್ಲರೂ ಹಾಜರಿದ್ದರು. ಆರೋಪ ಓದಿ ಹೇಳಿ, ‘ಒಪ್ಪುತ್ತೀಯೇನಪ್ಪಾ?’ ಎಂದು ಕೇಳಲಾಯಿತು. ಅವನು ಕಟಕಟೆಯಲ್ಲಿ ಕೈಮುಗಿದು, ‘ತಪ್ಪಾಯ್ತು ಸ್ವಾಮಿ, ಏನೋ ಒಂದು ಮಾಡಿ ಮುಗಿಸಿಬಿಡಿ’ ಎಂದ. ತಪ್ಪೊಪ್ಪಿಗೆ ಎಂದು ದಾಖಲಾಯಿತು. ದಂಡ ವಿಧಿಸಿದರು, ಕಟ್ಟಿದ, ಊರಿಗೆ ಹೋದ. ನಾನು ಅವನ ಪಕ್ಕದಲ್ಲೇ ನಿಂತಿದ್ದೆ. ಕೇಸು ಮುಗಿಯಿತಲ್ಲ ಎಂದು ನನಗೂ ಸಮಾಧಾನವಾಗಿತ್ತು.

ಕೆಲವು ತಿಂಗಳು ಕಳೆದು ಅವನು ನಮ್ಮ ಸೀನಿಯರ್ ಕಚೇರಿಗೆ ಬಂದ. ಕಾವಲುಗಾರನ ಕೆಲಸಕ್ಕೆ ಅರ್ಜಿ ಹಾಕಿದ್ದ. ಪೊಲೀಸ್ ಪರಿಶೀಲನೆಯಲ್ಲಿ ಶಿಕ್ಷೆಯಾದವನೆಂದು ತಿಳಿದು ಕೆಲಸ ತಪ್ಪಿಹೋಗಿತ್ತು. ‘ನಾನು ಹೊಡೆದಿಲ್ಲ ಸಾರ್, ಜಗಳ ಬಿಡಿಸೋಕೆ ಹೋಗಿದ್ದೆ ಅಷ್ಟೆ. ಅಪೀಲು ಹಾಕಿ’ ಎಂದ. ಸೀನಿಯರ್ ದಂಡ ಪ್ರಕ್ರಿಯಾ ಸಂಹಿತೆಯ 375ನೇ ಕಲಮು ತೆಗೆದು ನನ್ನ ಮುಂದಿಟ್ಟರು. ಆರೋಪಿ ತಪ್ಪೊಪ್ಪಿಕೊಂಡು, ಆ ಒಪ್ಪಿಗೆಯ ಮೇಲೆಯೇ ಶಿಕ್ಷೆಯಾಗಿದ್ದರೆ, ಶಿಕ್ಷೆಯ ಪ್ರಮಾಣ ಮತ್ತು ಅದರ ಕಾನೂನುಬದ್ಧತೆಯ ಬಗ್ಗೆ ಹೊರತು ಮೇಲ್ಮನವಿ ಇಲ್ಲ. ಹೊಡೆದನೋ ಇಲ್ಲವೋ ಎಂಬ ಪ್ರಶ್ನೆಯನ್ನು ಅಪೀಲಿನಲ್ಲಿ ಯಾರೂ ಕೇಳುವಂತಿರಲಿಲ್ಲ. ರಿವಿಷನ್ ಅರ್ಜಿಯ ಕಿರುದಾರಿಯೊಂದಿತ್ತು. ಆ ದಾರಿ ಹಿಡಿಯಲು ಅವನಲ್ಲಿ ಹಣ ಉಳಿದಿರಲಿಲ್ಲ, ನಂಬಿಕೆಯೂ ಉಳಿದಿರಲಿಲ್ಲ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆಯನ್ನು ಎಳವೆಯಿಂದ ಕೇಳಿದ್ದೆ. ಅದು ಕಾನೂನಿನ ಕಲಮಾಗಿಯೂ ಇದೆಯೆಂದು ಗೊತ್ತಾದದ್ದು ಅವತ್ತು.

ಮೂರನೆಯ ಉತ್ತರ

ನಮ್ಮ ನ್ಯಾಯಾಲಯಗಳಲ್ಲಿ ಆರೋಪಕ್ಕೆ ಎರಡೇ ಉತ್ತರ. ಒಪ್ಪುತ್ತೇನೆ, ಇಲ್ಲವೇ ಒಪ್ಪುವುದಿಲ್ಲ. ಅಮೆರಿಕದಲ್ಲಿ ಮೂರನೆಯದೊಂದಿದೆ. ಅದರ ಲ್ಯಾಟಿನ್ ಹೆಸರು ‘ನೋಲೋ ಕಂಟೆಂಡೆರೆ’. ‘ನಾನು ವಾದಿಸಬಯಸುವುದಿಲ್ಲ’ ಎಂದು ಅದರ ಅರ್ಥ. ಜನರ ಬಾಯಲ್ಲಿ ಅದು ‘ನೋ ಕಾಂಟೆಸ್ಟ್’. ನಮ್ಮ ಕಚೇರಿಗಳಲ್ಲಿ ಬಳಕೆಯಲ್ಲಿರುವ ‘ತಕರಾರಿಲ್ಲ’ ಎಂಬ ಪದ ಅದಕ್ಕೆ ಹತ್ತಿರ ಬರುತ್ತದೆ. ಅಪರಾಧ ಮಾಡಿದ್ದೇನೆ ಎಂದು ಆರೋಪಿ ಬಾಯಿಬಿಟ್ಟು ಹೇಳುವುದಿಲ್ಲ, ಮಾಡಿಲ್ಲವೆಂದೂ ಹೇಳುವುದಿಲ್ಲ, ಆರೋಪವನ್ನು ಎದುರಿಸಿ ನಿಲ್ಲುವುದಿಲ್ಲ ಎನ್ನುತ್ತಾನೆ.

ಇದರ ಬೇರು ಇಂಗ್ಲೆಂಡಿನ ಹಳೆಯ ಪದ್ಧತಿಯಲ್ಲಿದೆ. ಸಣ್ಣ ಅಪರಾಧಗಳಲ್ಲಿ ಆರೋಪಿ ತಪ್ಪನ್ನು ನೇರವಾಗಿ ಒಪ್ಪದೆ, ರಾಜನ ಕರುಣೆಗೆ ಶರಣಾಗಿ ದಂಡ ಕಟ್ಟಿ ಬಿಡುಗಡೆ ಪಡೆಯುತ್ತಿದ್ದ. ಇಂಗ್ಲೆಂಡಿನಲ್ಲಿ ಆ ಪದ್ಧತಿ ಅಳಿಯಿತು, ಅಮೆರಿಕದಲ್ಲಿ ಉಳಿದು ಬೆಳೆಯಿತು. ಹಳೆಯ ಕಾಲದಂತೆ ಇದಕ್ಕೆ ದಂಡ ಮಾತ್ರವೇ ಶಿಕ್ಷೆ, ಜೈಲು ಕೂಡದು ಎಂಬ ವಾದವೂ ಇತ್ತು. 1926ರ ಹಡ್ಸನ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಅದನ್ನು ತಳ್ಳಿಹಾಕಿತು. ತಕರಾರಿಲ್ಲ ಎಂದವನಿಗೆ ಜೈಲು ಶಿಕ್ಷೆಯನ್ನೂ ವಿಧಿಸಬಹುದು ಎಂದಿತು. ಎಲ್ಲ ರಾಜ್ಯಗಳೂ ಈ ಉತ್ತರವನ್ನು ಅಂಗೀಕರಿಸುವುದಿಲ್ಲ. ಫೆಡರಲ್ ನ್ಯಾಯಾಲಯಗಳಲ್ಲಿ, ಕ್ರಿಮಿನಲ್ ಪ್ರಕ್ರಿಯೆಯ 11ನೇ ನಿಯಮದಂತೆ, ನ್ಯಾಯಾಧೀಶರ ಒಪ್ಪಿಗೆ ಇದ್ದರಷ್ಟೇ ಹೀಗೆ ಉತ್ತರಿಸಬಹುದು. ಸಾರ್ವಜನಿಕ ಹಿತವನ್ನೂ ತೂಗಿ ನೋಡಿಯೇ ಅವರು ಒಪ್ಪಿಗೆ ಕೊಡಬೇಕು.

ಈ ಉತ್ತರ ಕೊಟ್ಟವರಲ್ಲಿ ಬಹಳ ಪ್ರಸಿದ್ಧರೆಂದರೆ ಸ್ಪೈರೊ ಆಗ್ನ್ಯೂ. ಅಮೆರಿಕದ ಉಪಾಧ್ಯಕ್ಷರಾಗಿದ್ದ ಅವರು 1973ರ ಅಕ್ಟೋಬರ್ 10ರಂದು ಹುದ್ದೆಗೆ ರಾಜೀನಾಮೆ ಕೊಟ್ಟು, ಅದೇ ದಿನ ಬಾಲ್ಟಿಮೋರ್‌ನ ಫೆಡರಲ್ ನ್ಯಾಯಾಲಯದಲ್ಲಿ 1967ರ ಆದಾಯ ತೆರಿಗೆ ವಂಚನೆಯ ಒಂದು ಆರೋಪಕ್ಕೆ ತಕರಾರಿಲ್ಲ ಎಂದರು. 10,000 ಡಾಲರ್ ದಂಡ, ಮೂರು ವರ್ಷ ಪ್ರೊಬೇಷನ್. ಆ ಮೊಕದ್ದಮೆಯ ಮಟ್ಟಿಗೆ ಈ ಉತ್ತರ ತಪ್ಪೊಪ್ಪಿಗೆಗೆ ಪೂರ್ಣ ಸಮಾನವೆಂದು ನ್ಯಾಯಾಧೀಶರು ಅವರಿಗೆ ಅಲ್ಲೇ ಸ್ಪಷ್ಟಪಡಿಸಿದರು. ಆ ಸ್ಪಷ್ಟನೆಯನ್ನು ನೆನಪಿಟ್ಟುಕೊಳ್ಳಿ. ನನ್ನ ಮುಂದಿನ ಮಾತೆಲ್ಲ ಅದರ ಮೇಲೆಯೇ ನಿಂತಿದೆ.

ಉಳಿಯುವುದೇನು, ಕಳೆಯುವುದೇನು

ಹಾಗಿದ್ದರೆ ಈ ಉತ್ತರದಿಂದ ಆರೋಪಿಗೆ ಸಿಗುವ ಲಾಭವೇನು? ಲಾಭವಿರುವುದು ಸಿವಿಲ್ ನ್ಯಾಯಾಲಯದಲ್ಲಿ. ಕಾರು ಓಡಿಸುತ್ತಿದ್ದವನ ಅಜಾಗರೂಕತೆಯಿಂದ ಒಬ್ಬರಿಗೆ ಕಾಲು ಮುರಿಯಿತು ಎನ್ನಿ. ಕ್ರಿಮಿನಲ್ ಮೊಕದ್ದಮೆಯಲ್ಲಿ ಅವನು ತಪ್ಪೊಪ್ಪಿಕೊಂಡರೆ, ಆ ಒಪ್ಪಿಗೆಯನ್ನೇ ತಂದು ಪರಿಹಾರದ ದಾವೆಯಲ್ಲಿ ಅವನ ಮುಂದಿಡಬಹುದು. ತಕರಾರಿಲ್ಲ ಎಂದಿದ್ದರೆ ಸಾಮಾನ್ಯವಾಗಿ ಹಾಗೆ ಬಳಸುವಂತಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಈ ರಕ್ಷಣೆ ಸಣ್ಣ ಅಪರಾಧಗಳಿಗಷ್ಟೇ ಸಿಗುತ್ತದೆ. ‘ಫೆಲೊನಿ’ ಎನ್ನುವ ಘೋರ ಅಪರಾಧಗಳಲ್ಲಿ ತಕರಾರಿಲ್ಲ ಎಂಬ ಉತ್ತರ ಎಲ್ಲ ಉದ್ದೇಶಗಳಿಗೂ ತಪ್ಪೊಪ್ಪಿಗೆಯೇ.

ಇಷ್ಟು ಬಿಟ್ಟರೆ ಉಳಿದದ್ದೆಲ್ಲ ಒಂದೇ. ದೋಷಿ ಎಂಬ ತೀರ್ಪು ಬರುತ್ತದೆ, ಶಿಕ್ಷೆಯಾಗುತ್ತದೆ, ದಾಖಲೆಯಲ್ಲಿ ನಿಲ್ಲುತ್ತದೆ. ಮೌನವಾಗಿದ್ದೇನೆ, ಏನನ್ನೂ ಒಪ್ಪಿಲ್ಲ, ಆದ್ದರಿಂದ ಮುಂದೆ ಹೋರಾಡಲು ದಾರಿ ಇದ್ದೇ ಇದೆ ಎಂದು ಆರೋಪಿ ಭಾವಿಸಿಕೊಂಡರೆ ಅದು ದೊಡ್ಡ ಭ್ರಮೆ. ಸಿವಿಲ್ ದಾವೆಯಿಂದ ಅವನನ್ನು ಕಾಯುವ ಉತ್ತರ ಮೇಲ್ಮನವಿಯ ವಿಷಯದಲ್ಲಿ ಅವನ ಕೈಹಿಡಿಯುವುದಿಲ್ಲ.

ಮೇಲ್ಮನವಿ ಎಂದರೇನು? ಕೆಳಗಿನ ನ್ಯಾಯಾಲಯ ವಿಚಾರಣೆ ನಡೆಸುವಾಗ ಮಾಡಿದ ತಪ್ಪನ್ನು ಮೇಲಿನ ನ್ಯಾಯಾಲಯಕ್ಕೆ ತೋರಿಸುವುದು. ಸಾಕ್ಷಿ ಸಾಲದು ಎನ್ನಬಹುದು, ಸುಳ್ಳು ಸಾಕ್ಷಿಯನ್ನು ನಂಬಿದರು ಎನ್ನಬಹುದು, ವಾರಂಟಿಲ್ಲದೆ ಮನೆ ಶೋಧಿಸಿ ಹಿಡಿದ ವಸ್ತುವನ್ನು ಒಪ್ಪಿಕೊಂಡರು ಎನ್ನಬಹುದು. ವಿಚಾರಣೆಯೇ ನಡೆಯದಿದ್ದರೆ ಈ ತಪ್ಪುಗಳನ್ನು ಎಲ್ಲಿಂದ ತೋರಿಸುವುದು? ಸಾಕ್ಷಿಗಳ ಪಾಟೀಸವಾಲೇ ಆಗಿಲ್ಲ. ಜ್ಯೂರಿ ಕೂತೇ ಇಲ್ಲ. ತಕರಾರಿಲ್ಲ ಎಂದವನು ವಿಚಾರಣೆಯೊಂದನ್ನೇ ಕೈಬಿಟ್ಟೆ ಎಂದುಕೊಂಡಿರುತ್ತಾನೆ. ಅದರ ಜೊತೆಗೆ, ಮೇಲ್ಮನವಿಯಲ್ಲಿ ಹೇಳಬಹುದಾಗಿದ್ದ ಮಾತುಗಳನ್ನೂ ಕೈಬಿಟ್ಟಿರುತ್ತಾನೆ.

ಅಮೆರಿಕದ ಸುಪ್ರೀಂ ಕೋರ್ಟು 1973ರಲ್ಲಿ ಟಾಲೆಟ್ ವಿರುದ್ಧ ಹೆಂಡರ್ಸನ್ ಪ್ರಕರಣದಲ್ಲಿ ಇದಕ್ಕೆ ತತ್ತ್ವದ ರೂಪ ಕೊಟ್ಟಿತು. ದೋಷಾರೋಪ ಮಾಡಿದ ಗ್ರ್ಯಾಂಡ್ ಜ್ಯೂರಿಯ ಆಯ್ಕೆಯಲ್ಲಿ ಕರಿಯರನ್ನು ಹೊರಗಿಟ್ಟಿದ್ದರು ಎಂಬುದು ಆರೋಪಿಯ ದೂರು. ಆದರೆ ಅವನು ವಕೀಲರ ಸಲಹೆ ಪಡೆದು ತಪ್ಪೊಪ್ಪಿಕೊಂಡಿದ್ದ. ಒಪ್ಪಿಗೆಗೂ ಹಿಂದೆ ನಡೆದ ಹಕ್ಕುಚ್ಯುತಿಗಳನ್ನು ಒಪ್ಪಿಗೆಯ ನಂತರ ಸ್ವತಂತ್ರವಾಗಿ ಎತ್ತುವಂತಿಲ್ಲ. ಒಪ್ಪಿಗೆ ಸ್ವಇಚ್ಛೆಯಿಂದ, ತಿಳಿದು ಕೊಟ್ಟದ್ದೇ, ವಕೀಲರು ಕೊಟ್ಟ ಸಲಹೆ ಯೋಗ್ಯವಾಗಿತ್ತೇ ಎಂಬುದನ್ನಷ್ಟೇ ಪ್ರಶ್ನಿಸಬಹುದು ಎಂದು ತೀರ್ಪಾಯಿತು. ಹಿಂದಿನದರ ಮೇಲೆ ಗೆರೆ ಎಳೆದ ಹಾಗೆ. ತಕರಾರಿಲ್ಲ ಎಂಬ ಉತ್ತರಕ್ಕೂ ನ್ಯಾಯಾಲಯಗಳು ಸಾಮಾನ್ಯವಾಗಿ ಇದೇ ಗೆರೆಯನ್ನು ಎಳೆಯುತ್ತವೆ.

ಗೆರೆಯ ಆಚೆಗೂ ಕೆಲವು ಮಾತುಗಳು ಉಳಿಯುತ್ತವೆ. ನ್ಯಾಯಾಲಯಕ್ಕೆ ಅಧಿಕಾರವ್ಯಾಪ್ತಿಯೇ ಇರಲಿಲ್ಲ ಎನ್ನಬಹುದು. ಕಾನೂನು ಅನುಮತಿಸದ ಶಿಕ್ಷೆ ಕೊಟ್ಟರು ಎನ್ನಬಹುದು. ಬೆದರಿಕೆಯಿಂದಲೋ ತಪ್ಪು ತಿಳಿವಳಿಕೆಯಿಂದಲೋ ಉತ್ತರ ಕೊಟ್ಟೆ ಎನ್ನಬಹುದು. ಒಂದೇ ಅಪರಾಧಕ್ಕೆ ಎರಡು ಬಾರಿ ಹಿಡಿದಿದ್ದಾರೆ ಎಂಬ ವಾದವೂ ಕೆಲವೊಮ್ಮೆ ಉಳಿಯುತ್ತದೆಂದು 1975ರ ಮೆನ್ನಾ ತೀರ್ಪು ಹೇಳಿದೆ. ಇತ್ತೀಚಿನದು 2018ರ ಕ್ಲಾಸ್ ಪ್ರಕರಣ. ವಾಷಿಂಗ್ಟನ್ನಿನ ಸಂಸತ್ ಭವನದ ಆವರಣಕ್ಕೆ ಸೇರಿದ ಪಾರ್ಕಿಂಗ್ ಜಾಗದಲ್ಲಿ ಒಬ್ಬರು ತಮ್ಮ ಜೀಪು ನಿಲ್ಲಿಸಿದ್ದರು, ಒಳಗೆ ಬಂದೂಕುಗಳಿದ್ದವು. ಅವರು ತಪ್ಪೊಪ್ಪಿಕೊಂಡರು. ಆಮೇಲೆ, ಈ ಕಾನೂನೇ ಸಂವಿಧಾನಕ್ಕೆ ವಿರುದ್ಧ ಎಂದು ಮೇಲ್ಮನವಿ ಹಾಕಿದರು. ಒಪ್ಪಿಗೆಯೊಂದರಿಂದಲೇ ಆ ವಾದ ಸತ್ತುಹೋಗುವುದಿಲ್ಲ ಎಂದು ಸುಪ್ರೀಂ ಕೋರ್ಟು 6-3ರ ಬಹುಮತದಿಂದ ತೀರ್ಪಿತ್ತಿತು. ‘ನಾನು ಹೀಗೆ ಮಾಡಿದ್ದು ನಿಜ’ ಎನ್ನುವುದು ಬೇರೆ, ‘ಹೀಗೆ ಮಾಡಿದ್ದನ್ನು ಅಪರಾಧವೆನ್ನಲು ಸರ್ಕಾರಕ್ಕೆ ಅಧಿಕಾರವಿದೆ’ ಎನ್ನುವುದು ಬೇರೆ. ಮೊದಲನೆಯದನ್ನು ಒಪ್ಪಿದವನು ಎರಡನೆಯದನ್ನೂ ಒಪ್ಪಿದಂತಲ್ಲ.

ಒಂದೇ ಮಾತು, ಬೇರೆ ಬೇರೆ ಬೆಲೆ

ಅಮೆರಿಕದ ಪ್ರತಿ ರಾಜ್ಯಕ್ಕೂ ತನ್ನದೇ ಕಾನೂನು. ಹಾಗಾಗಿ ಒಂದೇ ಮಾತಿನ ಬೆಲೆ ಗಡಿ ದಾಟಿದೊಡನೆ ಬದಲಾಗುತ್ತದೆ. ಮೂರು ರಾಜ್ಯಗಳನ್ನು ಅಕ್ಕಪಕ್ಕ ಇಟ್ಟು ನೋಡೋಣ. ಪೊಲೀಸರು ವಾರಂಟಿಲ್ಲದೆ ಕಾರನ್ನು ತಡಕಾಡಿ ಮಾದಕ ವಸ್ತು ಹಿಡಿದಿದ್ದಾರೆ ಎಂದಿಟ್ಟುಕೊಳ್ಳಿ. ಈ ಸಾಕ್ಷ್ಯವನ್ನು ಕೈಬಿಡಿ ಎಂದು ಆರೋಪಿ ವಿಚಾರಣೆಗೆ ಮುನ್ನವೇ ಅರ್ಜಿ ಹಾಕಿದ, ನ್ಯಾಯಾಧೀಶರು ತಿರಸ್ಕರಿಸಿದರು. ವಸ್ತು ಸಾಕ್ಷ್ಯವಾಗಿ ಉಳಿದ ಮೇಲೆ ವಿಚಾರಣೆಯಲ್ಲಿ ಗೆಲ್ಲುವ ಭರವಸೆ ಅವನಿಗಿಲ್ಲ.

ಓಹಾಯೋದಲ್ಲಿ ಅವನು ತಪ್ಪೊಪ್ಪಿಕೊಂಡರೆ ಆ ಅರ್ಜಿಯ ಕಥೆ ಮುಗಿಯಿತು. ಆದರೆ ತಕರಾರಿಲ್ಲ ಎಂದರೆ, ವಿಚಾರಣಾಪೂರ್ವ ಅರ್ಜಿಯ ಮೇಲಿನ ಆದೇಶ ತಪ್ಪೆಂದು ಮೇಲ್ಮನವಿಯಲ್ಲಿ ಹೇಳುವ ಹಕ್ಕು ಉಳಿಯುತ್ತದೆ. ಅಲ್ಲಿನ ಕ್ರಿಮಿನಲ್ ನಿಯಮಾವಳಿಯ 12ನೇ ನಿಯಮದಲ್ಲಿ ಇದನ್ನು ಬರೆದೇ ಇಟ್ಟಿದ್ದಾರೆ. ಎರಡು ಉತ್ತರಗಳ ನಡುವಿನ ಅಂತರ ಅಲ್ಲಿ ಒಬ್ಬ ಮನುಷ್ಯನ ಬಿಡುಗಡೆಯಷ್ಟು ದೊಡ್ಡದಾಗಬಹುದು.

ಫ್ಲಾರಿಡಾದಲ್ಲಿ ಎರಡು ಉತ್ತರಗಳಿಗೂ ಒಂದೇ ನಿಯಮ. ಉತ್ತರ ಕೊಡುವಾಗಲೇ ‘ಈ ಅಂಶದ ಮೇಲೆ ಮೇಲ್ಮನವಿಯ ಹಕ್ಕನ್ನು ಕಾಯ್ದಿರಿಸಿಕೊಳ್ಳುತ್ತೇನೆ’ ಎಂದು ಸ್ಪಷ್ಟವಾಗಿ ಹೇಳಬೇಕು. ಅಷ್ಟು ಸಾಲದು, ಆ ಅಂಶ ಇಡೀ ಮೊಕದ್ದಮೆಯನ್ನೇ ತೀರ್ಮಾನಿಸುವಂಥದ್ದಾಗಿರಬೇಕು, ಅಂದರೆ ಅದರಲ್ಲಿ ಆರೋಪಿ ಗೆದ್ದರೆ ಕೇಸು ಅಲ್ಲಿಗೇ ಬಿದ್ದುಹೋಗಬೇಕು. ವಕೀಲರು ಆ ಒಂದು ವಾಕ್ಯವನ್ನು ಹೇಳಲು ಮರೆತರೆ ಹಕ್ಕು ಹೋಯಿತು. ಫೆಡರಲ್ ನ್ಯಾಯಾಲಯಗಳಲ್ಲಿಯೂ 1983ರಿಂದ ಇಂಥ ಷರತ್ತುಬದ್ಧ ಉತ್ತರಕ್ಕೆ ಅವಕಾಶವಿದೆ. ಆದರೆ ಕಾಯ್ದಿರಿಸುವಿಕೆ ಬರಹದಲ್ಲಿರಬೇಕು, ನ್ಯಾಯಾಲಯವೂ ಸರ್ಕಾರದ ವಕೀಲರೂ ಒಪ್ಪಬೇಕು.

ಕ್ಯಾಲಿಫೋರ್ನಿಯಾದ ದಾರಿ ಬೇರೆ. ಅಲ್ಲಿ ಶೋಧನೆ ಅಕ್ರಮವಾಗಿತ್ತೆಂಬ ವಾದ ತಪ್ಪೊಪ್ಪಿಗೆಯ ನಂತರವೂ ಉಳಿಯುತ್ತದೆ. ಕಾನೂನೇ ಅದಕ್ಕೆ ಪ್ರತ್ಯೇಕ ಅವಕಾಶ ಕೊಟ್ಟಿದೆ. ಆದರೆ ಘೋರ ಅಪರಾಧದ ಮೊಕದ್ದಮೆಯಲ್ಲಿ ತಾನು ಕೊಟ್ಟ ಉತ್ತರದ ಸಿಂಧುತ್ವವನ್ನೇ ಪ್ರಶ್ನಿಸಬೇಕಾದರೆ, ದಂಡ ಸಂಹಿತೆಯ 1237.5ನೇ ಕಲಮು ಅಡ್ಡ ಬರುತ್ತದೆ. ಆರೋಪಿ ತನ್ನ ಕಾರಣಗಳನ್ನು ಪ್ರಮಾಣಪೂರ್ವಕವಾಗಿ ಬರೆದುಕೊಡಬೇಕು. ಅದನ್ನು ನೋಡಿ, ಮೇಲ್ಮನವಿಗೆ ತಕ್ಕ ಆಧಾರವಿದೆ ಎಂದು ಶಿಕ್ಷೆ ಕೊಟ್ಟ ನ್ಯಾಯಾಲಯವೇ ಪ್ರಮಾಣಪತ್ರ ಕೊಡಬೇಕು. ಆರೋಪಿ ಇದನ್ನು ಬರೆದು ಸಲ್ಲಿಸಲು ಗಡುವು 60 ದಿನ. ಜೈಲಿನಲ್ಲಿರುವ ಮನುಷ್ಯನಿಗೆ, ಅದರಲ್ಲೂ ಇಂಗ್ಲಿಷ್ ಬಾರದವನಿಗೆ, ಅರವತ್ತು ದಿನ ಕಣ್ಣು ಮಿಟುಕಿಸುವಷ್ಟರಲ್ಲಿ ಕಳೆದುಹೋಗುತ್ತದೆ.

ವಕೀಲರಿಲ್ಲದ ಅರ್ಜಿ

ನನ್ನನ್ನು ಬಹಳ ಕಾಡಿದ ಪ್ರಕರಣ ಮಿಚಿಗನ್ ರಾಜ್ಯದ್ದು. 1994ರಲ್ಲಿ ಅಲ್ಲಿನ ಮತದಾರರು ರಾಜ್ಯದ ಸಂವಿಧಾನಕ್ಕೆ ತಿದ್ದುಪಡಿ ತಂದರು. ತಪ್ಪೊಪ್ಪಿಕೊಂಡವರಿಗೂ ತಕರಾರಿಲ್ಲ ಎಂದವರಿಗೂ ಇನ್ನು ಮುಂದೆ ಮೇಲ್ಮನವಿ ಹಕ್ಕಿನ ವಿಷಯವಾಗಿರುವುದಿಲ್ಲ. ನ್ಯಾಯಾಲಯದ ಅನುಮತಿ ಬೇಡಿ ಪಡೆಯಬೇಕು. ಅದರ ಬೆನ್ನಿಗೇ, ಇಂಥವರಲ್ಲಿ ಬಡವರಿಗೆ ಮೇಲ್ಮನವಿಗಾಗಿ ಸರ್ಕಾರದ ಖರ್ಚಿನಲ್ಲಿ ವಕೀಲರನ್ನು ಕೊಡುವುದನ್ನೂ ಬಹುಪಾಲು ನಿಲ್ಲಿಸಿದರು.

ಹಾಲ್ಬರ್ಟ್ ಎಂಬುವರು 2001ರಲ್ಲಿ ಎರಡು ಆರೋಪಗಳಿಗೆ ತಕರಾರಿಲ್ಲ ಎಂದರು. ಎರಡು ಶಿಕ್ಷೆಗಳನ್ನು ಒಂದಾದ ಮೇಲೆ ಒಂದರಂತೆ ಅನುಭವಿಸಬೇಕೆಂದು ಆದೇಶವಾಯಿತು. ಮರುದಿನವೇ ಅವರು ಉತ್ತರವನ್ನು ಹಿಂಪಡೆಯಲು ಕೇಳಿದರು, ಆಗಲಿಲ್ಲ. ಮೇಲ್ಮನವಿಗೆ ವಕೀಲರನ್ನು ಕೊಡಿ ಎಂದು ಎರಡು ಬಾರಿ ಬೇಡಿದರು. ಕಲಿಕೆಯಲ್ಲಿ ತೊಡಕಿದ್ದವರು ಅವರು. ಕಾನೂನಿನ ಅರ್ಜಿ ಬರೆಯುವುದು ತನ್ನಿಂದಾಗದೆಂದು ಹೇಳಿಕೊಂಡರು. ಕೊಡಲಿಲ್ಲ. ಕೊನೆಗೆ ನಮೂನೆಯೊಂದನ್ನು ತಾವೇ ತುಂಬಿ ಕಳಿಸಿದರು. ಅರ್ಜಿಯಲ್ಲಿ ಹುರುಳಿಲ್ಲವೆಂದು ಮೇಲ್ಮನವಿ ನ್ಯಾಯಾಲಯ ತಿರಸ್ಕರಿಸಿತು.

2005ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟು 6-3ರ ಬಹುಮತದಿಂದ ಮಿಚಿಗನ್ ಪದ್ಧತಿಯನ್ನು ಅಸಿಂಧುಗೊಳಿಸಿತು. ತೀರ್ಪು ಬರೆದವರು ನ್ಯಾಯಮೂರ್ತಿ ರೂತ್ ಬೇಡರ್ ಗಿನ್ಸ್‌ಬರ್ಗ್. ಅನುಮತಿ ಬೇಡುವ ಆ ಅರ್ಜಿಯೇ ಬಡ ಆರೋಪಿಗೆ ಸಿಗುವ ಮೊದಲನೆಯ, ಬಹುಪಾಲು ಕೊನೆಯ ಮರುಪರಿಶೀಲನೆ; ಅಲ್ಲಿ ವಕೀಲರಿಲ್ಲದೆ ಬಿಡುವುದು ಸಂವಿಧಾನಕ್ಕೆ ಒಪ್ಪದು ಎಂದರು. ಆ ತೀರ್ಪಿನಲ್ಲಿ ಒಂದು ವಿವರವಿದೆ. ಆಗ ಅಮೆರಿಕದ ರಾಜ್ಯಗಳ ಜೈಲುಗಳಲ್ಲಿದ್ದವರಲ್ಲಿ ಸುಮಾರು ಶೇಕಡಾ 68 ಮಂದಿ ಹೈಸ್ಕೂಲು ಮುಗಿಸಿದವರಲ್ಲ. ಹತ್ತು ಕೈದಿಗಳಲ್ಲಿ ಏಳು ಮಂದಿಗೆ ಬಿಲ್ಲಿನ ತಪ್ಪನ್ನು ವಿವರಿಸಿ ಒಂದು ಚಿಕ್ಕ ಪತ್ರ ಬರೆಯುವುದು, ಬಸ್ಸಿನ ವೇಳಾಪಟ್ಟಿ ನೋಡಿಕೊಳ್ಳುವುದು ಇಂಥವೇ ಕಷ್ಟವಾಗಿದ್ದವು. ಬಸ್ಸಿನ ವೇಳಾಪಟ್ಟಿ ಓದಲಾರದವನು ಕಾನೂನಿನ ದೋಷವನ್ನು ಹುಡುಕಿ ಬರೆಯುವುದು ಹೇಗೆ? ಮೇಲ್ಮನವಿಯ ಹಕ್ಕು ಕುಗ್ಗಿದಷ್ಟೂ ವಕೀಲರ ಅಗತ್ಯ ಹೆಚ್ಚುತ್ತದೆ. ಹಾಲ್ಬರ್ಟ್ ತೀರ್ಪಿನಿಂದ ನಾನು ಕಲಿತದ್ದು ಇದನ್ನು.

ಹಕ್ಕನ್ನೇ ಬರೆದುಕೊಡುವ ಒಪ್ಪಂದ

2012ರ ಎರಡು ತೀರ್ಪುಗಳಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಒಂದು ಲೆಕ್ಕವನ್ನು ದಾಖಲಿಸಿದೆ. ಆಗ ಫೆಡರಲ್ ನ್ಯಾಯಾಲಯಗಳ ಶಿಕ್ಷೆಗಳಲ್ಲಿ ಶೇಕಡಾ 97, ರಾಜ್ಯ ನ್ಯಾಯಾಲಯಗಳಲ್ಲಿ ಶೇಕಡಾ 94 ಬರುತ್ತಿದ್ದದ್ದು ತಪ್ಪೊಪ್ಪಿಗೆಯಿಂದ. ಸಿನಿಮಾದಲ್ಲಿ ಕಾಣುವ ಜ್ಯೂರಿ ವಿಚಾರಣೆ ಅಲ್ಲಿ ಅಪರೂಪದ ಸಂಗತಿ. ಬಹುಪಾಲು ಕೇಸು ಮುಗಿಯುವುದು ಪ್ರಾಸಿಕ್ಯೂಟರ್ ಮತ್ತು ಆರೋಪಿಯ ವಕೀಲರ ನಡುವಿನ ಮಾತುಕತೆಯಲ್ಲಿ. ಆ ಒಪ್ಪಂದದ ಪತ್ರದಲ್ಲಿ ‘ಮೇಲ್ಮನವಿ ಹಾಕುವುದಿಲ್ಲ’ ಎಂಬ ಕಲಮನ್ನು ಸೇರಿಸುವುದು ಸಾಮಾನ್ಯವಾಗಿದೆ. ಕಾನೂನು ಉಳಿಸಿಕೊಟ್ಟ ಅಲ್ಪಸ್ವಲ್ಪ ಹಕ್ಕನ್ನೂ ಆರೋಪಿ ಸಹಿ ಹಾಕಿ ಬಿಟ್ಟುಕೊಡುತ್ತಾನೆ. ಹಾಗೆ ಬರೆದುಕೊಟ್ಟವನೂ ಮೇಲ್ಮನವಿ ಹಾಕಿ ಎಂದು ಸ್ಪಷ್ಟವಾಗಿ ಹೇಳಿದರೆ ವಕೀಲರು ಸಲ್ಲಿಸಲೇಬೇಕು ಎಂದು 2019ರ ಗಾರ್ಜಾ ತೀರ್ಪು ಹೇಳಿತು. ಎಷ್ಟು ಬಿಟ್ಟುಕೊಟ್ಟಿದ್ದಾನೆ, ಎಷ್ಟು ಉಳಿದಿದೆ ಎಂದು ತೀರ್ಮಾನಿಸಬೇಕಾದದ್ದು ಮೇಲಿನ ನ್ಯಾಯಾಲಯ.

ಇನ್ನೊಂದು ಪಕ್ಷದ ಮಾತನ್ನೂ ನ್ಯಾಯವಾಗಿ ಹೇಳಬೇಕು. ಒಪ್ಪಂದದ ಲಾಭ ಪಡೆದು, ಕಡಿಮೆ ಶಿಕ್ಷೆ ಅನುಭವಿಸಿ, ಆಮೇಲೆ ಎಲ್ಲವನ್ನೂ ಮೊದಲಿನಿಂದ ಪ್ರಶ್ನಿಸುತ್ತೇನೆಂದರೆ ನೊಂದವರಿಗೆ ನೆಮ್ಮದಿ ಎಂದು? ಕೇಸು ಮುಗಿಯಿತೆಂದು ಸಮಾಧಾನಪಟ್ಟುಕೊಂಡ ತಾಯಿಯನ್ನು ಹತ್ತು ವರ್ಷದ ಮೇಲೆ ಮತ್ತೆ ಸಾಕ್ಷಿ ಹೇಳಲು ಕರೆಯುವುದು ಕ್ರೌರ್ಯ. ಸಾಕ್ಷಿಗಳು ಊರು ಬಿಟ್ಟಿರುತ್ತಾರೆ, ತೀರಿಕೊಂಡಿರುತ್ತಾರೆ. ಮಿಚಿಗನ್ ಮತದಾರರು ಇದನ್ನೆಲ್ಲ ಯೋಚಿಸಿಯೇ ಮತ ಹಾಕಿದರೆಂದು ನಂಬುತ್ತೇನೆ. ಕೊಟ್ಟ ಮಾತಿಗೆ ಕಟ್ಟುಬೀಳಬೇಕೆಂಬುದು ನ್ಯಾಯದ ಮೂಲ ನಿಯಮ. ಮಿತಿ ಇರಲಿ, ಆದರೆ ಆ ಮಿತಿ ತಿಳಿದು ಕೊಟ್ಟ ಮಾತಿಗೆ ಮಾತ್ರ ಅನ್ವಯಿಸಲಿ ಎಂಬುದೇ ನನ್ನ ನಿಲುವು.

ಕಡಲಾಚೆಯ ನಮ್ಮವರು

ಕ್ಯಾಲಿಫೋರ್ನಿಯಾ, ಟೆಕ್ಸಾಸ್, ನ್ಯೂಜೆರ್ಸಿಗಳಲ್ಲಿ ನಮ್ಮ ಮಕ್ಕಳು ಓದುತ್ತಿದ್ದಾರೆ, ದುಡಿಯುತ್ತಿದ್ದಾರೆ. ವೀಸಾ ಮೇಲೋ ಗ್ರೀನ್ ಕಾರ್ಡಿನ ಮೇಲೋ ಇರುವ ಅವರಿಗೆ ಈ ವಿಷಯದ ಬಿಸಿ ಬೇರೆಯೇ ರೀತಿ ತಟ್ಟುತ್ತದೆ. ಅಮೆರಿಕದ ವಲಸೆ ಕಾನೂನು ‘ದೋಷನಿರ್ಣಯ’ಕ್ಕೆ ಕೊಟ್ಟಿರುವ ವ್ಯಾಖ್ಯೆಯಲ್ಲಿ ತಪ್ಪೊಪ್ಪಿಗೆಯ ಪಕ್ಕದಲ್ಲೇ ತಕರಾರಿಲ್ಲ ಎಂಬ ಉತ್ತರವನ್ನೂ ಹೆಸರಿಸಿದೆ. ‘ನಾನು ಒಪ್ಪಿಕೊಂಡೇ ಇಲ್ಲವಲ್ಲ’ ಎಂಬ ಸಮಜಾಯಿಷಿ ವಲಸೆ ಅಧಿಕಾರಿಯ ಮುಂದೆ ನಡೆಯದು. ಕೆಲವು ಬಗೆಯ ಅಪರಾಧಗಳಿಗೆ ಗಡೀಪಾರು ಕಟ್ಟಿಟ್ಟದ್ದು. 2010ರ ಪಡಿಲ್ಲಾ ಪ್ರಕರಣದಲ್ಲಿ, ನಲವತ್ತು ವರ್ಷಕ್ಕೂ ಹೆಚ್ಚು ಕಾಲ ಅಮೆರಿಕದಲ್ಲಿ ನೆಲೆಸಿ ಸೈನ್ಯದಲ್ಲೂ ಸೇವೆ ಸಲ್ಲಿಸಿದ್ದ ಒಬ್ಬರಿಗೆ, ಗಡೀಪಾರಿನ ಚಿಂತೆ ಬೇಡ ಎಂದು ವಕೀಲರು ಹೇಳಿದ್ದರು. ಆ ಸಲಹೆ ತಪ್ಪಾಗಿತ್ತು. ಇಂಥ ಪರಿಣಾಮವನ್ನು ಕಕ್ಷಿದಾರನಿಗೆ ಸರಿಯಾಗಿ ತಿಳಿಸುವುದು ವಕೀಲರ ಸಾಂವಿಧಾನಿಕ ಕರ್ತವ್ಯ ಎಂದು ಸುಪ್ರೀಂ ಕೋರ್ಟು ಸಾರಿತು. ಅಲ್ಲಿರುವ ಮಗನೋ ಸೊಸೆಯೋ ಇಂಥ ತೊಡಕಿಗೆ ಸಿಕ್ಕಿದರೆ, ಬೇಗ ಮುಗಿಯಲಿ ಎಂದು ಅವಸರಪಡಿಸಬೇಡಿ. ಕ್ರಿಮಿನಲ್ ವಕೀಲರ ಜೊತೆಗೆ ವಲಸೆ ಕಾನೂನು ಬಲ್ಲ ವಕೀಲರನ್ನೂ ಕೇಳಿದ ಮೇಲೆಯೇ ಬಾಯಿಬಿಡಲು ಹೇಳಿ.

ಮತ್ತೆ ನಮ್ಮ ಕಟಕಟೆಗೆ

ನಮ್ಮಲ್ಲಿ ತಕರಾರಿಲ್ಲ ಎಂಬ ಪ್ರತ್ಯೇಕ ಉತ್ತರವಿಲ್ಲ. ಆದರೆ ಅದು ಎತ್ತುವ ಪ್ರಶ್ನೆ ಇದೆ. 375ನೇ ಕಲಮಿನ ಸಾರ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 416ನೇ ಕಲಮಿಗೆ ಬಂದಿದೆ. 2006ರಲ್ಲಿ ನಮ್ಮಲ್ಲಿ ಜಾರಿಗೆ ಬಂದ ಪ್ಲೀ ಬಾರ್ಗೇನಿಂಗ್, ಅಂದರೆ ಮಾತುಕತೆಯಿಂದ ತಪ್ಪೊಪ್ಪಿಕೊಂಡು ಕೇಸು ಮುಗಿಸುವ ಪದ್ಧತಿಯಲ್ಲಂತೂ ತೀರ್ಪು ಅಂತಿಮ. ಸಂವಿಧಾನದ 136ನೇ ವಿಧಿಯ ವಿಶೇಷ ಅನುಮತಿ, 226 ಮತ್ತು 227ನೇ ವಿಧಿಗಳ ರಿಟ್ ಬಿಟ್ಟರೆ ಅಪೀಲಿಲ್ಲ.

ಈ ಕಾಠಿಣ್ಯವನ್ನು ತಗ್ಗಿಸುವ ಎರಡು ತೀರ್ಪುಗಳನ್ನು ಪ್ರತಿ ಕಿರಿಯ ವಕೀಲರೂ ಬಾಯಿಪಾಠ ಮಾಡಬೇಕು. ಒಂದು, ಮಹಂತ ಕೌಸಲ್ಯಾ ದಾಸ್ ವಿರುದ್ಧ ಮದ್ರಾಸ್ ರಾಜ್ಯ. ಆರೋಪಿಯ ಒಪ್ಪಿಗೆಯನ್ನು ಆದಷ್ಟು ಅವನು ಬಳಸಿದ ಮಾತುಗಳಲ್ಲೇ ದಾಖಲಿಸಬೇಕೆಂಬ ನಿಯಮ ಬರೀ ಔಪಚಾರಿಕವಲ್ಲ, ಸತ್ತ್ವದ ವಿಷಯ ಎಂದು ಸುಪ್ರೀಂ ಕೋರ್ಟು ಅದರಲ್ಲಿ ಹೇಳಿತು. ಮತ್ತೊಂದು ನಮ್ಮ ರಾಜ್ಯದಿಂದಲೇ ಹೋದದ್ದು: ತಿಪ್ಪಸ್ವಾಮಿ ವಿರುದ್ಧ ಕರ್ನಾಟಕ ರಾಜ್ಯ, 1983. ಹಗುರ ಶಿಕ್ಷೆಯ ಭರವಸೆಯಿಂದ ತಪ್ಪೊಪ್ಪಿಸಿ, ಆಮೇಲೆ ಅಪೀಲಿನಲ್ಲೋ ರಿವಿಷನ್ನಿನಲ್ಲೋ ಶಿಕ್ಷೆ ಹೆಚ್ಚಿಸುವುದು 21ನೇ ವಿಧಿಗೆ ವಿರುದ್ಧ. ಅಂಥ ಕಡೆ ಶಿಕ್ಷೆಯನ್ನು ರದ್ದು ಮಾಡಿ, ಆರೋಪಿ ತನ್ನನ್ನು ಸಮರ್ಥಿಸಿಕೊಳ್ಳಲು ಅನುವಾಗುವಂತೆ ವಿಚಾರಣೆಗೆ ಹಿಂದಿರುಗಿಸಬೇಕು ಎಂದು ಸುಪ್ರೀಂ ಕೋರ್ಟು ತೀರ್ಪಿತ್ತಿತು.

ಆರೋಪಿಯ ಮಾತಿನಲ್ಲೇ ಬರೆದುಕೊಳ್ಳಬೇಕೆಂಬ ನಿಯಮದ ಮಹತ್ವ ಕನ್ನಡ ಬಲ್ಲವರಿಗೆ ಬೇಗ ಅರ್ಥವಾಗುತ್ತದೆ. ‘ತಪ್ಪಾಯ್ತು ಸ್ವಾಮಿ’ ಎಂಬ ಮಾತನ್ನು ನಾವು ಎಲ್ಲೆಲ್ಲಿ ಆಡುತ್ತೇವೆ, ನೆನೆದು ನೋಡಿ. ಹಿರಿಯರು ಗದರಿದಾಗ, ತಪ್ಪು ಯಾರದೇ ಇರಲಿ, ತಪ್ಪಾಯ್ತು ಎನ್ನುತ್ತೇವೆ. ಜಗಳ ಮುಗಿಯಲೆಂದು ಎನ್ನುತ್ತೇವೆ. ದೊಡ್ಡವರ ಎದುರು ನಿಂತ ಅಂಜಿಕೆಯಲ್ಲಿ ಎನ್ನುತ್ತೇವೆ. ಅದು ವಿನಯದ ಮಾತು, ಸೋತು ಸುಣ್ಣವಾದವನ ಮಾತು. ‘ಇಂಥ ದಿನ, ಇಂಥ ಹೊತ್ತಿಗೆ, ಇಂಥವನಿಗೆ ನಾನೇ ಹೊಡೆದೆ’ ಎಂಬ ಒಪ್ಪಿಗೆ ಅದರಲ್ಲಿಲ್ಲ. ಅಮೆರಿಕದವರು ಲ್ಯಾಟಿನ್ ಹೆಸರಿಟ್ಟು ಬೇರೆಯಾಗಿ ಗುರುತಿಸಿದ ಆ ಮೂರನೆಯ ಉತ್ತರವನ್ನು ನಮ್ಮ ಬಡ ಕಕ್ಷಿದಾರರು ದಿನವೂ ಕಟಕಟೆಯಲ್ಲಿ ಕನ್ನಡದಲ್ಲಿ ಕೊಡುತ್ತಿದ್ದಾರೆ. ಅದು ಕಡತಕ್ಕೆ ಇಳಿಯುವಾಗ ‘ಅಪರಾಧ ಒಪ್ಪಿಕೊಂಡಿದ್ದಾನೆ’ ಎಂದಾಗಿಬಿಡುತ್ತದೆ. ಅಂಥದ್ದನ್ನು ನೈಜ ತಪ್ಪೊಪ್ಪಿಗೆ ಎನ್ನಲಾಗದು ಎಂದು ಮೇಲಿನ ನ್ಯಾಯಾಲಯಕ್ಕೆ ತೋರಿಸುವ ದಾರಿ ಇದೆ. ಆ ದಾರಿ ತೆರೆದಿರಬೇಕಾದರೆ ಅವನ ಮಾತು ಕಡತದಲ್ಲಿ ಅವನ ಮಾತಾಗಿಯೇ ಉಳಿದಿರಬೇಕು.

ಕಿರಿಯ ಮಿತ್ರರೇ, ನಿಮ್ಮಲ್ಲಿ ನನ್ನ ಬೇಡಿಕೆ ಚಿಕ್ಕದು. ನಾಳೆ ನೀವು ಕಟಕಟೆಯ ಪಕ್ಕ ನಿಲ್ಲುತ್ತೀರಿ. ಕಕ್ಷಿದಾರ ಉತ್ತರ ಕೊಡುವ ಮುನ್ನ ಮೂರು ಸಂಗತಿಗಳನ್ನು ಅವನ ಭಾಷೆಯಲ್ಲಿ ಹೇಳಿ. ಈ ಮಾತು ಆಡಿದರೆ ನೀನು ದೋಷಿಯೆಂದು ದಾಖಲಾಗುತ್ತದೆ. ಆ ದಾಖಲೆ ನಿನ್ನ ಕೆಲಸಕ್ಕೆ, ಪಾಸ್‌ಪೋರ್ಟಿಗೆ, ಲೈಸೆನ್ಸಿಗೆ ಅಡ್ಡ ಬರಬಹುದು. ಮುಂದೆ ಮನಸ್ಸು ಬದಲಾದರೂ, ಹೊಡೆದೆಯೋ ಇಲ್ಲವೋ ಎಂಬುದನ್ನು ಅಪೀಲಿನಲ್ಲಿ ಯಾರೂ ಕೇಳುವುದಿಲ್ಲ. ಇಷ್ಟನ್ನು ತಿಳಿದೂ ಅವನು ಒಪ್ಪುತ್ತೇನೆಂದರೆ ಅದು ಅವನ ಆಯ್ಕೆ, ಅದನ್ನು ಗೌರವಿಸಿ. ಆಗಲೂ ಅವನಾಡಿದ ಮಾತನ್ನೇ ಬರೆದುಕೊಳ್ಳುವಂತೆ ನ್ಯಾಯಾಲಯವನ್ನು ವಿನಂತಿಸಿ. ನ್ಯಾಯಪೀಠದಲ್ಲಿ ಕೂರಲಿರುವವರಿಗೂ ಇದೇ ನನ್ನ ಬಿನ್ನಹ: ಕೈಮುಗಿದವನನ್ನು ಇನ್ನೊಂದು ಪ್ರಶ್ನೆ ಕೇಳಿ.

ಇದಕ್ಕೆಲ್ಲ ಒಂದೆರಡು ನಿಮಿಷ ಸಾಕು. ಅವತ್ತು ಆ ತಾಲ್ಲೂಕು ಕೋರ್ಟಿನಲ್ಲಿ ಆ ಒಂದೆರಡು ನಿಮಿಷವನ್ನು ನಾನು ಕೇಳಲಿಲ್ಲ. ನೀವು ಕೇಳಿ.